ನೆಲ ಡೊಂಕೆಂದ ವರ್ಷ

ಸೀತಾಫಲದ ಎಲೆಯನ್ನು ಬೆರಳಲ್ಲಿ ಹಿಸುಕಿದರೆ ಒಂದು ಕಮಟು ವಾಸನೆ ಬರುತ್ತದೆ. ಹಣ್ಣು ಎಷ್ಟು ಸಿಹಿಯೋ ಎಲೆ ಅಷ್ಟು ಒಗರು. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಈ ಸೊಪ್ಪಿನ ಹತ್ತಿರ ಅದೂ ಸುಳಿಯುವುದಿಲ್ಲ. ಕಳೆದ ಕಾರ್ತಿಕದಲ್ಲಿ ಸೋದರಮಾವನ ಮಗಳ ಮದುವೆಗೆಂದು ಸಿಕಂದರಾಬಾದ್ ಸ್ಟೇಷನ್ನಿನಲ್ಲಿ ಇಳಿದೆ. ಹೊರಬಾಗಿಲ ಬಳಿ ಹೆಂಗಸೊಬ್ಬಳು ಬುಟ್ಟಿ ತುಂಬ ಸೀತಾಫಲ ಇಟ್ಟುಕೊಂಡು ಕೂತಿದ್ದಳು. ಹಣ್ಣು ಜಜ್ಜಿಹೋಗದಿರಲೆಂದು ನಡುನಡುವೆ ಎಲೆ ತುರುಕಿದ್ದಳು. ಕೆಳಗೆ ಬಿದ್ದು ಜನರ ಕಾಲಿಗೆ ಸಿಕ್ಕ ಎಲೆಗಳಿಂದ ಆ ವಾಸನೆ ಎದ್ದು ಮೂಗಿಗೆ ಬಂತು. ನಾನು ಸೂಟ್‌ಕೇಸನ್ನು ಅಲ್ಲೇ ಇಟ್ಟು ನಿಂತುಬಿಟ್ಟೆ. ಹಿಂದಿನಿಂದ ಬಂದ ಹಮಾಲ "ಜರಾ ಹಟೋ ಅಮ್ಮಾ" ಎಂದು ಗದರಿದ ಮೇಲೆ ಬದಿಗೆ ಸರಿದೆ.

ಸೂಟ್‌ಕೇಸಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ನನ್ನ ಓಟದ ಬೂಟುಗಳಿದ್ದವು. ಮದುವೆಗೆ ಹೋಗುವವಳು ಅವನ್ನು ಯಾಕೆ ಇಟ್ಟುಕೊಂಡೆ ಎಂದು ಧಾರವಾಡ ಬಿಡುವಾಗ ನನ್ನನ್ನು ನಾನೇ ಕೇಳಿಕೊಂಡಿರಲಿಲ್ಲ. ಕೇಳಿಕೊಂಡಿದ್ದರೆ ಬಹುಶಃ ತೆಗೆದಿಡುತ್ತಿದ್ದೆ. ಮರುದಿನ ಬೆಳಿಗ್ಗೆ ಮದುವೆಮನೆಯವರು ಅರಿಶಿನದ ಶಾಸ್ತ್ರಕ್ಕೆ ಏಳುವ ಮೊದಲೇ ನಾನು ಕೂಕಟ್‌ಪಲ್ಲಿಯ ಕಡೆ ಹೋಗುವ ಮೆಟ್ರೊದಲ್ಲಿ ಕೂತಿದ್ದೆ.

ಹೈದರಾಬಾದಿನಲ್ಲಿ ನಾವು ಇದ್ದದ್ದು ಒಂದೇ ಒಂದು ವರ್ಷ. ನನ್ನ ಗಂಡ ಮಾಧವ ವಿಮಾ ಕಚೇರಿಯೊಂದರಲ್ಲಿ ಅಧಿಕಾರಿ; ಹಿಮಾಯತ್‌ನಗರದ ಶಾಖೆಗೆ ವರ್ಗವಾಯಿತು. ಮಗಳು ಬೆಳಗಾವಿಯ ಹಾಸ್ಟೆಲಿನಲ್ಲಿದ್ದಳು. ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುತ್ತಿದ್ದ ನಾನು ಸಂಬಳವಿಲ್ಲದ ರಜೆ ಹಾಕಿ ಇವರ ಬೆನ್ನು ಹತ್ತಿದೆ. 'ಇವರು' ಎಂದೆ. ಮಾಧವ ಹೋಗಿ ಎರಡು ವರ್ಷ ದಾಟಿದರೂ ನನ್ನ ಬಾಯಲ್ಲಿ 'ಇವರು' ಎಂದೇ ಬರುತ್ತದೆ. ಎದುರಿಗೆ ಕೂತವರನ್ನು ತೋರಿಸಿ ಹೇಳುವ ಹಾಗೆ. ತಿದ್ದಿಕೊಳ್ಳುವ ಮನಸ್ಸೂ ನನಗಿಲ್ಲ.

ಇವರು ಓಟದ ಹುಚ್ಚಿನವರು. ಸ್ಪರ್ಧೆ, ಪದಕ ಏನೂ ಅಲ್ಲ. ದಿನಾ ಬೆಳಿಗ್ಗೆ ಓಡಿ ಬಂದರೆ ಮಾತ್ರ ಇವರಿಗೆ ಚಹಾ ರುಚಿಸುತ್ತಿತ್ತು. ಧಾರವಾಡದಲ್ಲಿ ಕೆಲಗೇರಿ ಕೆರೆಯವರೆಗೆ ಓಡಿ ಬಂದು, ಬೆವರು ಒರೆಸಿಕೊಳ್ಳುತ್ತ ಕಟ್ಟೆಯ ಮೇಲೆ ಕೂರುತ್ತಿದ್ದರು. ನನಗೂ ಓಡುವ ಆಸೆ. ಆದರೆ ಅತ್ತೆ, ಭಾವ, ನೆಗೆಣ್ಣಿ ಇರುವ ತುಂಬಿದ ಮನೆಯ ಸೊಸೆ ಬೀದಿಯಲ್ಲಿ ಓಡುವುದೆಂದರೇನು? ಒಮ್ಮೆ ಧೈರ್ಯ ಮಾಡಿ ಓಣಿಯ ತುದಿಯವರೆಗೆ ಓಡಿದ್ದೆ. ನಾಲ್ಕು ಮನೆಯ ಬಾಗಿಲು ತೆರೆದವು. "ಏನಾತ್ರಿ ಶೈಲಾಬಾಯಿ? ಮನ್ಯಾಗ ಯಾರಿಗೇನಾತು?" ಎಂದು ಎಲ್ಲರೂ ಗಾಬರಿಯಿಂದ ಹೊರಬಂದರು. ನಮ್ಮ ಓಣಿಯಲ್ಲಿ ಹೆಂಗಸು ಓಡಿದಳೆಂದರೆ ಒಂದೋ ಹೆರಿಗೆ, ಇಲ್ಲವೇ ಸಾವು. ಅತ್ತೆ ಬೇಡವೆಂದು ತಡೆದ ಮೇಲೆ ನಾನು ಮಾಳಿಗೆಯ ಮೇಲೆ, ಒಣಹಾಕಿದ ಹಪ್ಪಳಗಳ ಸುತ್ತ ಓಡುತ್ತಿದ್ದೆ.

ಹೀಗಾಗಿ ಹೈದರಾಬಾದು ಒಂದು ರಾತ್ರಿಯ ರೈಲಿನ ದೂರದಲ್ಲಿದ್ದರೂ ನಮ್ಮ ಪಾಲಿಗೆ ಪರದೇಶವೇ ಆಗಿತ್ತು. ಅಂಗಡಿಯ ಬೋರ್ಡುಗಳ ಅಕ್ಷರ ನಮ್ಮವೇ ಎನಿಸಿ ಓದಹೋದರೆ ಕೈಕೊಡುತ್ತಿದ್ದವು. ನಾನು ಯಾರ ಸೊಸೆ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಾಮಾನು ಬಿಚ್ಚುವ ಮೊದಲೇ ಇವರು ನನಗೊಂದು ಹಳದಿ ಟೀ ಶರ್ಟು, ಒಂದು ಜೋಡಿ ಬೂಟು ತಂದುಕೊಟ್ಟರು. "ಸಂಕ್ರಾಂತಿ ಆದ ಮ್ಯಾಲೆ ಇಲ್ಲೊಂದು ಅರ್ಧ ಮ್ಯಾರಥಾನ್ ಐತಿ. ಇಬ್ಬರೂ ಕೂಡಿ ಓಡಿ ಮುಗಿಸೋಣು. ಅಷ್ಟ ನನ್ನ ಆಸೆ, ಮತ್ತೇನೂ ಕೇಳಂಗಿಲ್ಲ" ಎಂದರು. ಮದುವೆಯಾದಾಗಿನಿಂದ ಇವರು ನನ್ನನ್ನು ಏನೂ ಕೇಳಿದವರಲ್ಲ. ನಾನು ಹೂಂ ಎಂದೆ.

ಹೂಂ ಎನ್ನುವುದು ಸುಲಭ, ಓಡಲು ಜಾಗ ಎಲ್ಲಿದೆ? ಕೂಕಟ್‌ಪಲ್ಲಿಯಲ್ಲಿ ನಮ್ಮ ಮನೆ ಮೂರನೇ ಮಹಡಿಯಲ್ಲಿತ್ತು. ಕೆಳಗಿಳಿದರೆ ಫುಟ್‌ಪಾತಿನ ಮೇಲೆ ಮೊಬೈಲ್ ಕವರಿನ ಅಂಗಡಿ, ಇಡ್ಲಿ ಬಂಡಿ, ನಿಲ್ಲಿಸಿದ ಬೈಕುಗಳ ಸಾಲು. ಮೃಗಶಿರಾ ಮಳೆ ಹಿಡಿದ ಮೇಲೆ ಮೆಟ್ರೊ ಕಂಬಗಳ ಕೆಳಗೆ ನೀರು ನಿಂತು ರಸ್ತೆ ಯಾವುದು, ಗುಂಡಿ ಯಾವುದು ತಿಳಿಯುತ್ತಿರಲಿಲ್ಲ. ಅಲ್ಲಿ ಓಡುವುದಕ್ಕಿಂತ ಜಿಗಿಯುವುದೇ ಹೆಚ್ಚಾಯಿತು. ಭಾನುವಾರ ಹಿಮಾಯತ್‌ನಗರಕ್ಕೆ ಹೋದೆವು. ಷಟರು ಎಳೆದ ಅಂಗಡಿಗಳ ಮುಂದೆ ಬೀದಿ ಖಾಲಿ ಇರುತ್ತಿತ್ತು. ಒಳಗಿನ ಹಳೆಯ ಓಣಿಗಳಲ್ಲಿ ಮುದುಕಿಯರು ಹಾಲಿನ ಪ್ಯಾಕೆಟ್ಟು ಹಿಡಿದು ನಮ್ಮನ್ನು ನೋಡುತ್ತಿದ್ದರು, ಯಾರೂ ಏನೂ ಕೇಳುತ್ತಿರಲಿಲ್ಲ. ನಡುಬೀದಿಯಲ್ಲಿ, ಗಂಡನ ಪಕ್ಕದಲ್ಲಿ, ತಲೆಯೆತ್ತಿ ಓಡಿದ ಮೊದಲ ದಿನ ನನಗೆ ಅಳು ಬಂತು. ಬೆವರಿನಲ್ಲಿ ಅದು ಯಾರಿಗೂ ಕಾಣಲಿಲ್ಲ.

ಆ ಹಿಮಾಯತ್‌ನಗರದ ಬೀದಿಯಲ್ಲೇ ನನಗೆ ಇವರ ಹೆಜ್ಜೆಯ ಸದ್ದು ಮೊದಲು ಕೇಳಿಸಿದ್ದು. ಬಲಗಾಲು ಮೆತ್ತಗೆ ಬೀಳುತ್ತಿತ್ತು. ಎಡಗಾಲು ಮಾತ್ರ ಟಪ್ ಎಂದು ನೆಲಕ್ಕೆ ಬಡಿಯುತ್ತಿತ್ತು, ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದ ಹಾಗೆ.

"ಏನ್ರಿ ಅದು ಸಪ್ಪಳ?" ಎಂದೆ.

"ರಸ್ತೆ ಎಡಕ್ಕ ವಾಲೈತಿ ನೋಡು. ನೀರು ಹರೀಲಿ ಅಂತ ಅಂಚಿಗೆ ಇಳಿಜಾರು ಕೊಟ್ಟಿರ್ತಾರ. ಅದಕ್ಕ ಕಾಲು ಹಂಗ ಬೀಳ್ತೈತಿ."

"ಕುಣಿಯಾಕ ಬರದಾಕಿ ನೆಲ ಡೊಂಕ ಅಂದ್ಲಂತ" ಎಂದೆ ನಾನು.

ಇವರು ಓಡುವುದನ್ನು ಬಿಟ್ಟು, ಮೊಣಕಾಲ ಮೇಲೆ ಕೈಯೂರಿ ನಕ್ಕರು. ಅಂದಿನಿಂದ ಅದು ನಮ್ಮಿಬ್ಬರ ಮಾತಾಯಿತು. ಹೊಸ ಜಾಗಕ್ಕೆ ಹೋದಾಗಲೆಲ್ಲ ಇವರೇ ಮೊದಲು "ಹೆಂಗೈತಿ ನೆಲ? ಡೊಂಕೈತೇನು?" ಎಂದು ಕೇಳುತ್ತಿದ್ದರು. ನಾನು ಬಗ್ಗಿ ಒಂದು ಕಣ್ಣು ಮುಚ್ಚಿ ಬಡಗಿಯಂತೆ ನೋಡಿ "ಸ್ವಲ್ಪ ಡೊಂಕೈತ್ರಿ" ಎನ್ನುತ್ತಿದ್ದೆ.

ಓಡುವವರ ಜಾತಿಯೇ ಹಾಗೆ. ಎಲ್ಲಾದರೂ ನೋವು ಬಂದರೆ ಮೊದಲು ಬೂಟನ್ನು ಬಯ್ಯುತ್ತಾರೆ, ಆಮೇಲೆ ರಸ್ತೆಯನ್ನು, ಆಮೇಲೆ ಹಿಂದಿನ ದಿನ ತಿಂದ ಮಿರ್ಚಿಯನ್ನು. ಮೈಗೆ ಏನೋ ಆಗಿರಬಹುದೆಂಬ ಮಾತು ಸಾಲಿನಲ್ಲಿ ಕೊನೆಗೂ ಬರುವುದಿಲ್ಲ. ನಾವು ಬೂಟು ಬದಲಿಸಿದೆವು. ಹಳೆಯ ಎಡಗಾಲಿನ ಬೂಟಿನ ಮುಂದಿನ ತುದಿ ಸವೆದು ಬಟ್ಟೆ ಕಾಣುತ್ತಿತ್ತು, ಹಿಮ್ಮಡಿ ಹೊಸದರಂತಿತ್ತು. ಅಂಗಡಿಯವನು ಅದನ್ನು ತಿರುಗಿಸಿ ನೋಡಿ, ಇಲ್ಲಿಯ ಸಿಮೆಂಟು ಇಟ್ಟಿಗೆಗಳು ಹೀಗೇ ಬೂಟು ತಿನ್ನುತ್ತವೆ ಎಂದ. ನಮಗೆ ಬೇಕಾದ ಉತ್ತರ ಸಿಕ್ಕಿತು.

ಆಮೇಲೆ ಮೆತ್ತನೆಯ ನೆಲದ ಹುಡುಕಾಟ ಶುರುವಾಯಿತು. ಹುಸೇನ್‌ಸಾಗರದ ದಂಡೆ ನೋಡಿದೆವು. ಸಪಾಟಾಗಿತ್ತು, ಆದರೆ ಗಾಳಿ ಬೀಸಿದರೆ ಮೂಗು ಮುಚ್ಚಿ ಓಡಬೇಕಿತ್ತು. ಸಿಕಂದರಾಬಾದಿನ ದಂಡು ಪ್ರದೇಶದ ರಸ್ತೆಗಳು ಚೊಕ್ಕಟ, ಎರಡೂ ಕಡೆ ದೊಡ್ಡ ಮಳೆಮರಗಳು. ಶ್ರಾವಣದ ಜಿಟಿಜಿಟಿಯಲ್ಲಿ ಅಲ್ಲಿ ಓಡಿದ ಕೆಲವು ಬೆಳಗುಗಳು ನನ್ನ ಬದುಕಿನ ಒಳ್ಳೆಯ ಬೆಳಗುಗಳು. ಇವರು ಮುಂದೆ, ನಾನು ಹಿಂದೆ, ಮಳೆ ಇಬ್ಬರ ಮೇಲೂ. ಒಂದು ತಿರುವಿನಲ್ಲಿ ಪಹರೆಯ ಸಿಪಾಯಿ ಸೀಟಿ ಊದಿ "ಆಗೇ ಬಂದ್ ಹೈ" ಎಂದು ವಾಪಸು ಕಳಿಸುತ್ತಿದ್ದ. ಬಂದ ದಾರಿಯಲ್ಲೇ ತಿರುಗುತ್ತಿದ್ದೆವು. ರಸ್ತೆಯ ವಾಲು ಕಾರಣವಾಗಿದ್ದರೆ ತಿರುಗಿ ಬರುವಾಗ ಬಲಗಾಲು ಬಡಿಯಬೇಕಿತ್ತು. ಆಗಲೂ ಎಡಗಾಲೇ ಬಡಿಯುತ್ತಿತ್ತು. ಹತ್ತಾರು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದ ನನಗೆ ಈ ಸಣ್ಣ ಲೆಕ್ಕ ಅಂದು ಹೊಳೆಯಲಿಲ್ಲ, ಹೊಳೆಯುವುದು ಬೇಡವಾಗಿತ್ತೇನೋ.

ಆ ತಿರುವಿನಲ್ಲೇ ಒಂದು ದಿನ ಇವರು ಎಡವಿ ಬಿದ್ದರು. ಎಡವಲು ಅಲ್ಲಿ ಏನೂ ಇರಲಿಲ್ಲ. ಮಂಡಿ ತರಚಿತು. ಸಿಪಾಯಿಯೇ ನೀರು ತಂದುಕೊಟ್ಟ. ಎಲುಬಿನ ಡಾಕ್ಟರು ಎಕ್ಸ್‌ರೇ ತೆಗೆಸಿ, ಎಲುಬಿಗೆ ಏನೂ ಆಗಿಲ್ಲ, ಕೆಲವು ದಿನ ಮಣ್ಣಿನ ನೆಲದಲ್ಲಿ ಓಡಿ ಎಂದರು.

ಮಣ್ಣಿನ ನೆಲ ತೋರಿಸಿದವರು ಪಾಟೀಲ ಕಾಕಾ. ದಸರೆಯ ಮುಂದೆ ಕಾಯಿಪಲ್ಲೆ ಸಂತೆಯಲ್ಲಿ ಮುಳಗಾಯಿ ಎಳೆಯದೋ ಬಲಿತದ್ದೋ ಎಂದು ನಾವಿಬ್ಬರೂ ವಾದಿಸುತ್ತಿದ್ದೆವು. ಬೆನ್ನ ಹಿಂದಿನಿಂದ "ಯಾವೂರಾವ್ರಿ ನೀವು?" ಎಂದು ಕೇಳಿತು. ತಿರುಗಿದರೆ ಕೈಚೀಲ ಹಿಡಿದ, ಬಿಳಿ ಮೀಸೆಯ ಹಿರಿಯರೊಬ್ಬರು. ಅವರ ಅಜ್ಜ ನಿಜಾಮರ ಕಾಲದಲ್ಲಿ ಬೀದರ ಕಡೆಯಿಂದ ಬಂದು ಸರಕಾರಿ ಚಾಕರಿಗೆ ಸೇರಿದವರು. ಕಾಕಾ ನೀರಾವರಿ ಕಚೇರಿಯಿಂದ ನಿವೃತ್ತರಾಗಿ, ಹೆಂಡತಿಯನ್ನು ಕಳೆದುಕೊಂಡು, ಮಗನ ಜೊತೆ ನಮ್ಮ ಪಕ್ಕದ ಬೀದಿಯಲ್ಲೇ ಇದ್ದರು. ಅಂಗಡಿಯವನ ಜೊತೆ ತೆಲುಗು, ಆಟೋದವನ ಜೊತೆ ಉರ್ದು, ನಮ್ಮ ಜೊತೆ ಮಾತ್ರ ಮನೆಯೊಳಗೆ ಮುಚ್ಚಿಟ್ಟಿದ್ದ ಕನ್ನಡ. ನಾವು ಓಡುವವರೆಂದು ಕೇಳಿ ಅವರಿಗೆ ನಗು.

"ಓಡಿ ಎಲ್ಲಿಗೆ ಹೋಗ್ತೀರಿ? ಕೈಕು ಇಷ್ಟು ಪರೇಶಾನಿ? ನಾ ನೋಡ್ರಿ, ಆರಾಮ ನಡೀತೀನಿ. ನಾಳೆ ಬರ್ರಿ, ನನ್ನ ಕೆರಿ ತೋರಸ್ತೀನಿ."

ಅವರು 'ನನ್ನ ಕೆರೆ' ಎಂದದ್ದು ಅಪಾರ್ಟ್‌ಮೆಂಟುಗಳ ಹಿಂದೆ ಉಳಿದುಕೊಂಡ ಒಂದು ಸಣ್ಣ ಹಳೆಯ ಕೆರೆ. ಸುತ್ತ ಕೆಂಪು ಮಣ್ಣಿನ ಕಾಲುದಾರಿ. ಉತ್ತರಕ್ಕೆ ನೆಟ್ಟಗಿನ ಏರಿ, ಅದರ ನಡುವೆ ಒಂದು ಬೇವಿನ ಮರ. ಏರಿಯ ಮೂಡಣ ತುದಿಯಲ್ಲಿ ಒಂದರ ಮೇಲೊಂದು ಕೂತ ದೊಡ್ಡ ಬಂಡೆಗಳು, ಬಂಡೆಗಳ ಬುಡದಲ್ಲಿ ಸೀತಾಫಲದ ಪೊದೆಗಳು ದಾರಿಗೆ ಚಾಚಿಕೊಂಡಿದ್ದವು. ಅಲ್ಲಿ ಹಾದುಹೋದರೆ ತೋಳಿಗೆ ಎಲೆ ಸವರಿ ಆ ಕಮಟು ವಾಸನೆ ಮನೆಯವರೆಗೂ ಬರುತ್ತಿತ್ತು. ಪಕ್ಕದಲ್ಲಿ ಯಾದಗಿರಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ತಗಡಿನ ಶೆಡ್ಡುಗಳು. ಬೆಳಿಗ್ಗೆ ರೊಟ್ಟಿ ಬಡಿಯುವ ಸದ್ದು ಕೇಳಿದರೆ ನನಗೆ ಧಾರವಾಡದ ಅಡಿಗೆಮನೆಯಲ್ಲೇ ನಿಂತಂತೆ ಆಗುತ್ತಿತ್ತು. ಮೊದಲ ದಿನ ನಾನು ಓಡುವುದನ್ನು ಕಂಡು ಅಲ್ಲಿಯ ಹೆಂಗಸೊಬ್ಬಳು ಹಿಟ್ಟಿನ ಕೈಯಲ್ಲೇ ಎದ್ದು ನಿಂತು "ಯಾಕ್ರೀ ಅಕ್ಕಾರ, ಏನಾತು?" ಎಂದಳು. ಆ ಪ್ರಶ್ನೆ ನನ್ನ ಬೆನ್ನು ಹತ್ತಿ ಇಲ್ಲಿಗೂ ಬಂದಿತ್ತು.

ನೆಲ ಮೆತ್ತಗಿತ್ತು. ಇವರು ಬೂಟಿನ ತುದಿಯಿಂದ ಮಣ್ಣು ಕೆದರಿ "ಡೊಂಕಿಲ್ಲ" ಎಂದು ತೀರ್ಪು ಕೊಟ್ಟರು.

ಅಲ್ಲಿ ನಾವು ಓಡುವ ಪದ್ಧತಿಯೇ ಬೇರೆ. ಇವರದು ದೊಡ್ಡ ಹೆಜ್ಜೆ, ನನ್ನದು ಸಣ್ಣದು. ಒಟ್ಟಿಗೆ ಓಡಿದರೆ ಇವರು ನನಗಾಗಿ ತಡೆದುಕೊಳ್ಳಬೇಕು, ನಾನು ಇವರಿಗಾಗಿ ಏದುಸಿರು ಬಿಡಬೇಕು, ಕೊನೆಗೆ ಜಗಳ. ಅದಕ್ಕೆ ಗೇಟಿನಿಂದ ಇಬ್ಬರೂ ವಿರುದ್ಧ ದಿಕ್ಕಿಗೆ ಹೊರಡುತ್ತಿದ್ದೆವು. ಗೇಟಿನಿಂದ ಬಂಡೆಗಳ ಕಡೆ ಹೋಗುವ ಗಿಡ್ಡ ದಾರಿ ಇವರದು. ಕೆರೆಯ ಪಡುವಣ ಬದಿಯನ್ನು ಬಳಸಿ ಏರಿಗೆ ಹತ್ತುವ ಉದ್ದನೆಯ ದಾರಿ ನನ್ನದು. ಎದುರಾದಾಗ ಕೈಗೆ ಕೈ ತಟ್ಟಿ ಮುಂದೆ ಹೋಗುವುದು, ಗೇಟಿಗೆ ಮೊದಲು ಬಂದವರು ಇನ್ನೊಬ್ಬರಿಗಾಗಿ ಕಾಯುವುದು, ಮತ್ತೆ ಹೊರಡುವುದು. ದಿನವಿಡೀ ಒಂದೇ ಮನೆಯಲ್ಲಿರುವ ಗಂಡನನ್ನು ಪ್ರತಿ ಸುತ್ತಿನಲ್ಲೂ ಹೊಸದಾಗಿ ಭೇಟಿಯಾಗುವುದು ನನಗೆ ಭಾರಿ ಇಷ್ಟವಾಗಿತ್ತು.

ಮೊದಮೊದಲು ಇವರು ಏರಿಯನ್ನು ಪೂರ್ತಿ ದಾಟಿ ಬಂದು ನನಗೆ ಪಡುವಣ ತುದಿಯಲ್ಲಿ ಸಿಗುತ್ತಿದ್ದರು. ದೀಪಾವಳಿಯ ಹೊತ್ತಿಗೆ ಬೇವಿನ ಮರದ ಹತ್ತಿರ ಕೈ ತಟ್ಟತೊಡಗಿದೆವು. ಚಳಿ ಬಲಿತಂತೆ ಭೇಟಿಯ ಜಾಗ ಬೇವಿನ ಮರವನ್ನೂ ಬಿಟ್ಟು ಬಂಡೆಗಳ ಕಡೆ ಸರಿಯಿತು. ನಾನು ಹಿಗ್ಗಿದೆ. ನಾನು ಚುರುಕಾಗುತ್ತಿದ್ದೇನೆ ಎಂದೇ ತಿಳಿದೆ. ಇವರೂ ಹಾಗೆಯೇ ಹೇಳಿದರು.

"ಅಬ್ಬಾ, ಏನ್ ಓಡ್ತೀಯವಾ. ನನಗ ಏರಿ ಮ್ಯಾಲೆ ಕಾಲಿಡಾಕೂ ಬಿಡವಲ್ಲಿ."

"ನೀವ ನಿಧಾನ ಆಗೀರಿ. ಗೇಟಿನ್ಯಾಗ ಎಷ್ಟೊತ್ತು ಕಾಯಬೇಕು ನಾ?"

"ಉದ್ದನ ಓಟಕ್ಕ ನಿಧಾನ ಓಡೋದೂ ಒಂದು ತಯಾರಿ. ನಿನಗ ತಿಳಿಯಂಗಿಲ್ಲ, ಸುಮ್ನ ಓಡು."

ಬಂಡೆಗಳ ಹತ್ತಿರ ಬಂದ ಮೇಲೆ ಭೇಟಿಯ ಜಾಗ ಅಲ್ಲೇ ನಿಂತಿತು, ಹಿಂದಕ್ಕೆ ಸರಿಯಲಿಲ್ಲ. ಅದು ನನಗೆ ಸಮಾಧಾನ ಕೊಟ್ಟಿತ್ತು. ಏರಿಯ ಮೇಲೆ ನಾನು ಮೂಡಣಕ್ಕೆ ಓಡುವಾಗ ಎಳೆಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಟೋಪಿಯ ಅಂಚು ಇಳಿಸಿ, ನೆಲ ನೋಡುತ್ತ ಓಡುತ್ತಿದ್ದೆ. ಬಂಡೆಯ ನೆರಳಿನಿಂದ ಇವರು ಒಮ್ಮೆಲೆ ಹೊರಬರುತ್ತಿದ್ದರು. ಪ್ರತಿ ಸಲವೂ ಓಡುತ್ತಲೇ ಬರುತ್ತಿದ್ದರು, ಪ್ರತಿ ಸಲವೂ ನಗುತ್ತಿದ್ದರು. ಬಂಡೆ ದಾಟಿದರೆ ಎದುರಿಗೆ ಪಾಟೀಲ ಕಾಕಾ ಆರಾಮಾಗಿ ನಡೆದುಬರುತ್ತಿದ್ದರು. ಎಡಗಾಲು ಬಡಿಯುವುದು ನಿಂತಿರಲಿಲ್ಲ. ಆದರೆ ಮಣ್ಣಿನಲ್ಲಿ ಆ ಸದ್ದು ಅಡಗಿಹೋಗುತ್ತಿತ್ತು. ಒಳ್ಳೆಯ ನೆಲ ಸಿಕ್ಕಿತು ಎಂದು ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಸಂಕ್ರಾಂತಿ ಕಳೆದು ಆ ಭಾನುವಾರ ಬಂತು. ಸಾವಿರಾರು ಜನರ ನಡುವೆ ನಾವಿಬ್ಬರೂ ಕೈ ಹಿಡಿದು ನಿಂತಿದ್ದೆವು. ಓಟ ಶುರುವಾಗಿ ಸ್ವಲ್ಪ ದೂರ ಹೋಗಿ, ಮೊದಲ ಮೇಲುಸೇತುವೆ ಇಳಿಯುವುದರೊಳಗೆ ಇವರು ಹೆಜ್ಜೆ ಸಣ್ಣ ಮಾಡಿದರು.

"ನೀ ಮುಂದ ಹೋಗು ಶೈಲಾ. ನಾ ಹಿಂದಿಂದ ಬರ್ತೀನಿ."

"ಕೂಡಿ ಮುಗಿಸೋಣು ಅಂದಿದ್ರಲ್ಲ?"

"ಮುಗಿಸೋದು ಕೂಡೇ. ಓಡೋದು ಬ್ಯಾರೆ ಬ್ಯಾರೆ, ಕೆರಿ ಮ್ಯಾಲೆ ಓಡಿದಂಗ. ಹೋಗು, ನಿಲ್ಲಬ್ಯಾಡ. ಏನಾದ್ರೂ ನಿಲ್ಲಬ್ಯಾಡ."

ನಾನು ಹೋದೆ. ಆ ದಿನ ನನ್ನ ಕಾಲಿಗೆ ಆಯಾಸವೆಂಬುದೇ ತಿಳಿಯಲಿಲ್ಲ. ಗುರಿಗೆರೆ ದಾಟಿ, ಬಾಗಿ ಉಸಿರು ಬಿಡುತ್ತ, ಇವರು ಬರುವವರೆಗೆ ಎಷ್ಟು ಕಾಯಬೇಕೋ ಎಂದು ತಲೆಯೆತ್ತಿದರೆ ಎದುರಿನ ಮರದ ಕೆಳಗೆ ಇವರೇ ಕೂತಿದ್ದರು. ಆಟೋದಲ್ಲಿ ಬಂದಿದ್ದರು. "ನೋಡು, ನಾನ ಮೊದಲ ಬಂದೆ" ಎಂದು ನಕ್ಕರು. ನನಗೂ ನಗು ಬಂತು. ಆಮೇಲೆ ಇವರು ನನಗೆ ಕೊಡಲೆಂದು ನೀರಿನ ಬಾಟಲಿಯ ಮುಚ್ಚಳ ತಿರುಗಿಸಹೋದರು. ತಿರುಗಲಿಲ್ಲ. ಬಾಟಲಿಯನ್ನು ತೊಡೆಗಳ ನಡುವೆ ಒತ್ತಿ ಹಿಡಿದು ಮತ್ತೆ ತಿರುಗಿಸಿದರು. ಬೆರಳುಗಳು ಮುಚ್ಚಳದ ಮೇಲೆ ಜಾರಿದವು. ಹೆಬ್ಬೆರಳಿನ ಪಕ್ಕದ ಮಾಂಸ ಇಳಿದು ಅಲ್ಲೊಂದು ತಗ್ಗು ಬಿದ್ದಿತ್ತು.

ನಾವಿಬ್ಬರೂ ಆ ಕೈಯನ್ನು ನೋಡಿದೆವು. ಕಾಲಿಗಾದರೆ ರಸ್ತೆ ಇತ್ತು, ಬೂಟು ಇತ್ತು, ಸಿಮೆಂಟು ಇಟ್ಟಿಗೆ ಇತ್ತು. ಕೈ ಯಾವ ನೆಲದ ಮೇಲೆ ಓಡಿತ್ತು? ಬಾಟಲಿಯನ್ನು ಇವರ ಕೈಯಿಂದ ತೆಗೆದುಕೊಂಡು ನಾನೇ ಮುಚ್ಚಳ ತೆರೆದೆ. ಇಬ್ಬರೂ ನೀರು ಕುಡಿದೆವು.

ಮುಂದಿನದು ಆಸ್ಪತ್ರೆಗಳ ಮಾತು, ಅದನ್ನು ಹೆಚ್ಚು ಹೇಳಲಾರೆ. ನರಗಳ ಡಾಕ್ಟರು ಇವರ ನಾಲಿಗೆ ನೋಡಿದರು, ಸೂಜಿ ಚುಚ್ಚಿ ಪರೀಕ್ಷೆ ಮಾಡಿದರು, ಕಾಲು ಯಾವಾಗಿನಿಂದ ಬಡಿಯುತ್ತಿದೆ ಎಂದು ನನ್ನನ್ನು ಕೇಳಿದರು. ನರಗಳು ಒಂದೊಂದಾಗಿ ಸ್ನಾಯುಗಳ ಕೈಬಿಡುವ ರೋಗ. ಮೊದಲು ಕಾಲು, ಆಮೇಲೆ ಕೈ, ಮಾತು, ಉಸಿರು. ಔಷಧವಿಲ್ಲ. ಅವರು ಮೆತ್ತಗೆ, ಕನಿಕರದಿಂದಲೇ ಹೇಳಿದರು. ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತೆವು. ಇವರು ತಮ್ಮ ಎಡಗಾಲನ್ನು ನೋಡುತ್ತ ಹೇಳಿದರು:

"ಅಂದ್ರ, ನೆಲ ಡೊಂಕಿರಲಿಲ್ಲ."

ನಾನು ಇವರ ಹೆಗಲಿಗೆ ಮುಖ ಒತ್ತಿ ಅತ್ತೆ. ಸುತ್ತ ಜನ ಓಡಾಡುತ್ತಿದ್ದರು. ಇನ್ನು ಮೇಲೆ ನಾನೂ ಓಡುವುದಿಲ್ಲ ಎಂದೆ. ಇವರು ನನ್ನ ಗದ್ದ ಹಿಡಿದೆತ್ತಿದರು, ಆ ಬಲವಿಲ್ಲದ ಕೈಯಿಂದಲೇ.

"ಇಷ್ಟ ದಿನ ನಾ ಎದಕ್ಕ ಅಂಜಿದ್ದೆ ಗೊತ್ತೇನು? ಈ ಮಾತಿಗೆ. ನಾ ನಿಂತ್ರ ನೀನೂ ನಿಲ್ಲತಿ ಅಂತ. ಧಾರವಾಡದ ಮಾಳಿಗಿ ಮ್ಯಾಲಿಂದ ನಿನ್ನ ಇಲ್ಲೀತನಕ ಕರಕೊಂಡು ಬಂದೀನಿ. ಮತ್ತ ಹಪ್ಪಳ ಕಾಯಾಕ ಹೋಗಬ್ಯಾಡ ನನ್ನ ಹೆಸರಿನ್ಯಾಗ."

'ಇಷ್ಟು ದಿನ' ಎಂದರೆ ಎಷ್ಟು ದಿನ ಎಂದು ಕೇಳುವ ಸ್ಥಿತಿಯಲ್ಲಿ ಅಂದು ನಾನಿರಲಿಲ್ಲ.

ಬೇಸಿಗೆಯವರೆಗೆ ಅಲ್ಲೇ ಇದ್ದೆವು. ಪಾಟೀಲ ಕಾಕಾ ದಿನಾ ಬೆಳಿಗ್ಗೆ ಮನೆಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಕೆರೆಯ ಗೇಟಿನಲ್ಲಿ ಹಾಕುತ್ತಿದ್ದರು. ಇವರು ಅದರಲ್ಲಿ ಕೂತು ಕಾಯುತ್ತಿದ್ದರು, ನಾನು ಒಂಟಿಯಾಗಿ ಸುತ್ತು ಹಾಕುತ್ತಿದ್ದೆ. ಬಂಡೆಗಳ ಹತ್ತಿರ ಬಂದಾಗ ಕೈ ತಾನಾಗಿ ಮೇಲೆದ್ದು ಬರಿಗಾಳಿಗೆ ತಟ್ಟುತ್ತಿತ್ತು. ಆಮೇಲೆ ಧಾರವಾಡಕ್ಕೆ ಬಂದೆವು. ಅಲ್ಲಿ ಇವರು ಕಟ್ಟೆಯ ಮೇಲೆ ಕೂತು ನನ್ನನ್ನು ಬೀದಿಗೆ ಅಟ್ಟಿದರು. ನೆರೆಯವರು ಬಾಗಿಲು ತೆರೆದು "ಏನಾತ್ರಿ?" ಎಂದರೆ, ಒಂದು ಕಾಲಕ್ಕೆ ನನ್ನನ್ನು ತಡೆದಿದ್ದ ಅತ್ತೆಯೇ "ಏನಾಗಿಲ್ರಿ, ನನ್ನ ಸೊಸಿ ಓಡಾಕತ್ತಾಳ" ಎಂದು ಉತ್ತರ ಕೊಡುತ್ತಿದ್ದರು. ಇವರ ಮಾತು ನಿಂತಿತು. ಆಮೇಲೂ ನಾನು ಓಡಿ ಬಂದಾಗ ಕಣ್ಣು ನಗುತ್ತಿದ್ದವು. ಮುಂದಿನ ವರ್ಷದ ಶ್ರಾವಣದಲ್ಲಿ ಅವೂ ಮುಚ್ಚಿದವು.

ಕಳೆದ ಕಾರ್ತಿಕದ ಆ ಬೆಳಿಗ್ಗೆ ನಾನು ಕೆರೆಯ ಗೇಟಿಗೆ ಬಂದಾಗ ಪಾಟೀಲ ಕಾಕಾ ಅಲ್ಲೇ ಇದ್ದರು. ಕೈಯಲ್ಲಿ ಕೋಲು ಬಂದಿತ್ತು. ಸಾವಿನ ಸುದ್ದಿಯನ್ನು ನಾನೇ ಅಂದು ಫೋನಿನಲ್ಲಿ ಹೇಳಿದ್ದೆ. ನನ್ನ ತಲೆಯ ಮೇಲೆ ಕೈಯಿಟ್ಟು "ಬರ್ರಿ ತಂಗಿ. ಇವತ್ತ ನನ್ನ ಜೋಡಿ ನಡೀರಿ" ಎಂದರು. ಅವರು ನಡೆಯುವುದು ಯಾವಾಗಲೂ ಗಿಡ್ಡ ದಾರಿಯ ಕಡೆಯಿಂದ. ಆ ದಿಕ್ಕಿನಲ್ಲಿ ನಾನು ಒಮ್ಮೆಯೂ ಹೋಗಿರಲಿಲ್ಲ. ಶೆಡ್ಡುಗಳು ಹೋಗಿ ಅಲ್ಲೊಂದು ಎತ್ತರದ ಕಟ್ಟಡ ಎದ್ದಿತ್ತು. ಸೀತಾಫಲದ ಪೊದೆಗಳು ಮಾತ್ರ ಹಾಗೇ ಇದ್ದವು. ತೋಳಿಗೆ ಎಲೆ ಸವರಿತು, ವಾಸನೆ ಬಂತು.

ಬಂಡೆಯ ನೆರಳಿಗೆ ಬಂದು ಕಾಕಾ ಕೋಲೂರಿ ನಿಂತರು. ಆಯಾಸವಾಯಿತೇನೋ ಎಂದು ನಾನೂ ನಿಂತೆ. ಮುಂದೆ ನೋಡಿದರೆ ಏರಿ ಇಡೀ ಕಣ್ಣ ಮುಂದಿತ್ತು. ಸೂರ್ಯ ನಮ್ಮ ಬೆನ್ನಿಗಿದ್ದ. ಬೇವಿನ ಮರ, ಅದರಾಚೆಯ ಪಡುವಣ ತುದಿ, ಅಲ್ಲಿ ದಾರಿ ದಾಟುತ್ತಿದ್ದ ಒಂದು ನಾಯಿಯ ಬಾಲದವರೆಗೆ ಎಲ್ಲವೂ ನಿಚ್ಚಳವಾಗಿ ಕಾಣುತ್ತಿತ್ತು. ಆ ಕಡೆಯಿಂದ ಬರುವಾಗ ನನಗೆ ಈ ಬಂಡೆಯ ಬುಡ ಎಂದೂ ಕಂಡಿರಲಿಲ್ಲ.

"ಕಾಕಾ, ಇಲ್ಲಿಂದ ಅಷ್ಟೂ ಕಾಣತೈತಲ್ರಿ."

"ಕಾಣತೈತಿ. ಅದಕ್ಕ ಇಲ್ಲೇ ನಿಲ್ತಿದ್ವಿ ನಾವು."

"ನಾವು ಅಂದ್ರ?"

ಕಾಕಾ ನನ್ನ ಮುಖ ನೋಡಲಿಲ್ಲ. ಏರಿಯ ಕಡೆಯೇ ನೋಡುತ್ತ ಹೇಳಿದರು. "ನಾನೂ ಅವರೂ. ಗೇಟಿನಿಂದ ಇಲ್ಲೀತನಕ ನನ್ನ ಜೋಡಿ ನಡಕೋತನ ಬರ್ತಿದ್ರು, ತಂಗಿ. ಓಡಾಕ ಆಗ್ತಿರಲಿಲ್ಲ ಅವರಿಗೆ. ದೀಪಾವಳಿ ಮುಗಿದಾಗಿಂದ ಹಂಗ. ಇಲ್ಲಿ ಬಂದು ಈ ಕಲ್ಲಿಗೆ ಕೈ ಹಚ್ಚಿ ನಿಂತು ದಮ್ಮು ತಗೋತಿದ್ರು. ಕಣ್ಣು ಅಲ್ಲೇ, ಆ ಬೇವಿನ ಗಿಡದ ಮ್ಯಾಲೆ. ನಿಮ್ಮ ಹಳದಿ ಅಂಗಿ ಅಲ್ಲಿ ಕಂಡ ಕೂಡ್ಲೆ, 'ಕಾಕಾ, ನಮ್ಮಾಕಿ ಬಂದ್ಲು' ಅಂತಿದ್ರು. ಹಂಗಂದು ಓಡ್ತಿದ್ರು. ನಾ ಎಷ್ಟೋ ಸಲ ಅಂದೆ, ಬ್ಯಾಡ್ರಿ, ಬೀಳ್ತೀರಿ ಅಂತ. 'ಆಕಿ ನನ್ನ ನೋಡಿ ಓಡಾಕತ್ತಾಳ ಕಾಕಾ, ನಡಿಯೋದು ಕಾಣಬಾರದು' ಅಂತಿದ್ರು. ನೀವು ದಾಟಿ ಹೋದ ಮ್ಯಾಲೆ ಮತ್ತ ನಿಂತು, ನಾ ಬರೋತನಕ ಕಾಯ್ತಿದ್ರು."

ನಾನು ಬಂಡೆಗೆ ಕೈ ಹಚ್ಚಿದೆ. ಕಲ್ಲು ಇನ್ನೂ ತಣ್ಣಗಿತ್ತು. ಇವರ ಕೈ ಎಲ್ಲಿ ಊರುತ್ತಿತ್ತೋ ಗೊತ್ತಿಲ್ಲ, ಅಲ್ಲೆಲ್ಲ ಸವರಿದೆ. ಅಳು ಬಂತು, ತಡೆಯಲಿಲ್ಲ.

ಆಮೇಲೆ ಕಣ್ಣೊರೆಸಿಕೊಂಡು ಬೂಟಿನ ಲೇಸು ಬಿಗಿದೆ. ಹೆಗಲ ಚೀಲವನ್ನು ಕಾಕಾರ ಕೈಗೆ ಕೊಟ್ಟೆ. ಬೇವಿನ ಮರದ ಹತ್ತಿರ ಬಿಸಿಲು ಬಿದ್ದಿತ್ತು, ಆ ಕಡೆಯಿಂದ ಯಾರೂ ಬರುತ್ತಿರಲಿಲ್ಲ. ನಾನು ನೆರಳಿನಿಂದ ಹೊರಬಂದು ಆ ಕಡೆಗೆ ಓಡಿದೆ.